ಹುಡುಗನ ಮನೆಯವರಿಗೆ ಹೇಳಬೇಕೋ, ಬೇಡವೋ?

ಈ ಸಲ ಬಂದ ಪತ್ರಗಳಲ್ಲಿ ಆಳಂದ ತಾಲೂಕಿನ ಓದುಗರೊಬ್ಬರ ಪತ್ರ ಆರಿಸಿದ್ದೇನೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಊರಿನ ಹೆಸರನ್ನೂ ಬಿಟ್ಟಿದ್ದೇನೆ. ಪತ್ರದ ಸಾರ ಇಷ್ಟು:

“ಮಗಳು ಬಿ.ಎಡ್. ಮುಗಿಸಿದ್ದಾಳೆ. ಹೈಸ್ಕೂಲಿನಲ್ಲಿ ಇದ್ದಾಗಿನಿಂದ ಫಿಟ್ಸ್ ಇತ್ತು. ಮಾತ್ರೆ ತಗೋತಾಳೆ, ಮೂರು ವರ್ಷದಿಂದ ಒಮ್ಮೆಯೂ ಬಂದಿಲ್ಲ. ಎರಡು ಸಂಬಂಧ ಬಂದವು. ಇದ್ದದ್ದು ಇದ್ದ ಹಾಗೆ ಹೇಳಿದೆವು, ಎರಡೂ ಮುರಿದವು. ಈಗ ಬೀದರ ಕಡೆಯಿಂದ ಒಳ್ಳೆ ಸಂಬಂಧ ಬಂದಿದೆ. ‘ಈ ಸಲ ಬಾಯಿ ಬಿಡಬ್ಯಾಡ್ರಿ, ಮಾತ್ರೆನೂ ಬಿಡಿಸಿಬಿಡ್ರಿ, ಲಗ್ನ ಆದ ಮ್ಯಾಲ ಎಲ್ಲಾ ಸರಿ ಹೋಗ್ತದ’ ಅಂತ ನನ್ನ ಹೆಂಡತಿಯ ಅಣ್ಣ ಹೇಳುತ್ತಾನೆ. ಒಮ್ಮೆ ಗಾಣಗಾಪುರಕ್ಕೆ ಕರಕೊಂಡು ಹೋಗಿ ಅಂತ ನಮ್ಮ ಅತ್ತೆ ಹೇಳುತ್ತಾರೆ. ನೀವು ಏನಂತೀರಿ?”

ಪತ್ರದ ಕೆಳಗೆ ಬೇರೆ ಪೆನ್ನಿನಲ್ಲಿ, ಬೇರೆ ಅಕ್ಷರದಲ್ಲಿ ಇನ್ನೊಂದಿಷ್ಟು ಇದೆ. “ನಾನೂ ಬರೆಯುತ್ತಿದ್ದೇನೆ, ಅಪ್ಪನಿಗೆ ಗೊತ್ತು. ನನಗೆ ಫಿಟ್ಸ್‌ಗಿಂತ ಮಾತ್ರೆ ಕದ್ದು ನುಂಗೋದೇ ಜಾಸ್ತಿ ಸಾಕಾಗಿದೆ.”

ಯಜಮಾನರೇ, ನೀವು ಬರೆದಿದ್ದು ಒಂದೂವರೆ ಪುಟ. ಮಗಳು ಬರೆದಿದ್ದು ಎರಡು ಸಾಲು. ಪೆನ್ನು ಅವಳ ಕೈಗೆ ಕೊಟ್ಟಿದ್ದಕ್ಕೆ ನಿಮ್ಮ ಬಗ್ಗೆ ಗೌರವ ಬಂತು. ಆದರೆ ನನ್ನ ಉತ್ತರ ಆ ಎರಡು ಸಾಲಿಗೇ ಜಾಸ್ತಿ ಸಲ್ಲುತ್ತದೆ, ಬೇಜಾರು ಮಾಡ್ಕೋಬೇಡಿ.

ನಿಮ್ಮ ಭಾವನವರು ಕೆಟ್ಟವರಲ್ಲ. ನಿಜ ಹೇಳಿ ಎರಡು ಸಲ ಪೆಟ್ಟು ತಿಂದ ಮನೆ ಮೂರನೇ ಸಲ ಹೆದರುತ್ತದೆ. ವಯಸ್ಸು ಮೀರುತ್ತಿದೆ ಅಂತ ಮಂದಿ ಆಡಿಕೊಳ್ಳುವುದು ಕೇಳೋದು ಹೆಣ್ಣು ಹೆತ್ತವರ ಕಿವಿಯೇ ಹೊರತು ನನ್ನ ಕಿವಿ ಅಲ್ಲ. ಅಷ್ಟು ಒಪ್ಪಿದೆ. ಅದರಾಚೆಗೆ ಅವರ ಒಂದು ಮಾತನ್ನೂ ಒಪ್ಪಲ್ಲ.

ಯಾಕೆ ಅಂತ ಹೇಳ್ತೀನಿ. ನನಗೆ ಗೊತ್ತಿರುವ ಒಂದು ಮನೆಯ ಹೆಣ್ಣುಮಗಳಿಗೂ ಹೀಗೇ ಮುಚ್ಚಿಟ್ಟು ಮದುವೆ ಮಾಡಿದರು. ತವರಿನವರು ಫಿಟ್ಸ್ ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸಿ ಕ್ಯಾಲ್ಸಿಯಂ ಡಬ್ಬಿಗೆ ತುಂಬಿ ಕಳಿಸಿದ್ದರು. ಬಹಳ ಜಾಣತನ ಮಾಡಿದೆವು ಅಂದುಕೊಂಡಿದ್ದರು. ಅತ್ತೆ ಆ ಡಬ್ಬಿ ನೋಡಿದಳು. ಪಾಪ, ಒಳ್ಳೆ ಹೆಂಗಸು. “ಈ ವಯಸ್ಸಿನ್ಯಾಗ ಕ್ಯಾಲ್ಸಿಯಂ ಗುಳಿಗಿ ಯಾಕವ್ವ, ಎಮ್ಮಿ ಹಾಲದಾವಲ್ಲ ಮನ್ಯಾಗ” ಅಂದು ಡಬ್ಬಿ ಎತ್ತಿ ಅಟ್ಟದ ಮೇಲಿಟ್ಟಳು. ರಾತ್ರಿ ಮಾತ್ರೆಯ ಬದಲು ದೊಡ್ಡ ಲೋಟದಲ್ಲಿ ಹಾಲು ಬಂತು. ಹುಡುಗಿ ಏನಂತ ಹೇಳಬೇಕು? ಸುಮ್ನೆ ಕುಡಿದಳು. ಮೂರನೇ ದಿನ ಅಡುಗೆಮನೆಯಲ್ಲಿ, ರೊಟ್ಟಿ ಬಡಿಯುತ್ತಿದ್ದಾಗ, ಹಂಚಿನ ಪಕ್ಕದಲ್ಲೇ ಬಿದ್ದಳು. ಮುಂಗೈ ಸುಟ್ಟಿತು. ಕಾಯಿಲೆ ಬಯಲಾಗಿದ್ದು ಹಾಗೆ. ಅತ್ತೆ ಆಮೇಲೆ ಕೇಳಿದ್ದು ಒಂದೇ: “ನನಗ ಹೇಳಿದ್ರ ನಾನೇ ಗುಳಿಗಿ ಕೊಡ್ತಿದ್ನಲ್ಲ?”

ಈಗ ನಿಮ್ಮ ಭಾವನ ಸಲಹೆಯನ್ನು ಇದರ ಪಕ್ಕ ಇಟ್ಟು ನೋಡಿ. ಮಾತ್ರೆ ಒಮ್ಮೆಗೇ ನಿಲ್ಲಿಸುವುದು, ಹೊತ್ತು ತಪ್ಪುವುದು, ನಿದ್ದೆ ಕೆಡುವುದು. ನಿಂತಿದ್ದ ಫಿಟ್ಸ್ ಮತ್ತೆ ಬರಲು ಇವೇ ದೊಡ್ಡ ಕಾರಣಗಳು. ನಮ್ಮ ಮದುವೆಗಳಲ್ಲಿ ಮದುಮಗಳಿಗೆ ಏನೇನು ಮಾಡಿಸುತ್ತೇವೆ? ಅರಿಶಿನದ ದಿನದಿಂದ ನಿದ್ದೆ ಇಲ್ಲ. ಮುಹೂರ್ತದ ತನಕ ಉಪವಾಸ. ಬೆಳಗಿನ ಜಾವ ಎದ್ದು ಸುರಿಗೆ ನೀರು. ಅದರ ಮೇಲೆ ಮಾತ್ರೆಯನ್ನೂ ಬಿಡಿಸಿದರೆ ಮಂಟಪಕ್ಕೇ ಫಿಟ್ಸ್ ಕರೆದ ಹಾಗಾಯಿತು, ಅಲ್ವಾ? ಮೂರು ವರ್ಷ ಚೆನ್ನಾಗಿದ್ದವರಿಗೆ ಮಾತ್ರೆ ಕಡಿಮೆ ಮಾಡುವ ವಿಚಾರವನ್ನು ಡಾಕ್ಟರು ಮಾಡುತ್ತಾರೆ, ನಿಜ. ಆದರೆ ತಿಂಗಳುಗಟ್ಟಲೆ, ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಅದು ಸೋದರಮಾವ ತೀರ್ಮಾನ ಮಾಡುವ ವಿಷಯ ಅಲ್ಲ.

ಇಷ್ಟಕ್ಕೂ ಈ ಕಾಯಿಲೆ ಏನು? ಮೆದುಳಿನ ಜೀವಕೋಶಗಳು ಸಣ್ಣ ವಿದ್ಯುತ್ ಸಂಕೇತಗಳಲ್ಲಿ ಮಾತಾಡಿಕೊಳ್ಳುತ್ತವೆ. ಒಮ್ಮೊಮ್ಮೆ ಅದು ಅಳತೆ ಮೀರಿ ಚಿಮ್ಮುತ್ತದೆ, ಮೈ ಸೆಟೆಯುತ್ತದೆ, ಎಚ್ಚರ ತಪ್ಪುತ್ತದೆ. ಹುಟ್ಟುವಾಗ ಮೆದುಳಿಗೆ ಉಸಿರು ಸಾಲದೆ ಹೋದದ್ದು, ತಲೆಗೆ ಬಿದ್ದ ಪೆಟ್ಟು, ಮೆದುಳು ಜ್ವರ, ಲಾಡಿಹುಳದ ಮೊಟ್ಟೆ ಹೊಟ್ಟೆ ಸೇರಿ ಮರಿ ಮೆದುಳಿನಲ್ಲಿ ಮನೆ ಮಾಡಿದ್ದು, ಹೀಗೆ ಕಾರಣ ಹಲವು. ಆ ಮೊಟ್ಟೆ ಸರಿಯಾಗಿ ತೊಳೆಯದ ತರಕಾರಿಯಿಂದಲೂ ಬರುತ್ತದೆ, ಹಾಗಾಗಿ ನಾವು ಮಾಂಸ ಮುಟ್ಟಲ್ಲ ಅನ್ನುವವರೂ ಬೀಗಬೇಕಿಲ್ಲ. ಎಷ್ಟೋ ಜನರಲ್ಲಿ ಕಾರಣವೇ ಸಿಗುವುದಿಲ್ಲ. ದೆವ್ವ, ಗಾಳಿ, ತಾಯಿಯ ಕರ್ಮ ಮಾತ್ರ ಯಾವ ಸ್ಕ್ಯಾನಿಂಗ್‌ನಲ್ಲೂ ಕಂಡಿಲ್ಲ.

ಇದು ನಿನ್ನೆ ಮೊನ್ನೆ ಗೊತ್ತಾದ ಮಾತೂ ಅಲ್ಲ. ಸುಮಾರು 2400 ವರ್ಷ ಹಿಂದೆ, ಹಿಪ್ಪೊಕ್ರೆಟಿಸ್‌ನ ಪರಂಪರೆಯ ಗ್ರೀಕ್ ವೈದ್ಯರು ಇದು ದೇವರು ಕೊಟ್ಟ ಬೇನೆ ಅಲ್ಲ, ಮೆದುಳಿನದು ಅಂತ ಬರೆದಿಟ್ಟರು. ನಮ್ಮ ಆಯುರ್ವೇದವೂ ಇದನ್ನು ಅಪಸ್ಮಾರ ಅಂತ ಕರೆದು ಔಷಧಿ ಹೇಳಿತು. ಅದೇ ಅಪಸ್ಮಾರನನ್ನು ನಟರಾಜನ ಕಾಲಡಿಯಲ್ಲಿ ಕುಳ್ಳನ ರೂಪದಲ್ಲಿ ನೀವು ನೋಡಿರುತ್ತೀರಿ. ನಾವು ಮಾತ್ರ ಇನ್ನೂ ಬಿದ್ದವರ ಮೂಗಿಗೆ ಚಪ್ಪಲಿ ಹಿಡಿದು, ಕೈಗೆ ಕೀಲಿಗೊಂಚಲು ತುರುಕಿ ನಿಂತಿದ್ದೇವೆ.

ಗಾಣಗಾಪುರದ ವಿಷಯಕ್ಕೆ ಬರುತ್ತೇನೆ. ನಾನೂ ಹೋಗುವವನೇ. ದತ್ತನ ಪಾದುಕೆಗೆ ಕೈ ಮುಗಿದು, ಮಾಧುಕರಿ ಬೇಡಿ ಉಂಡು ಬಂದರೆ ಮನಸ್ಸಿಗೆ ಹಗುರ ಅನ್ನಿಸುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಮಧ್ಯಾಹ್ನದ ಆರತಿ ಹೊತ್ತಿಗೆ ಕಂಬಕ್ಕೆ ಜೋತುಬೀಳುವವರ ನಡುವೆ ನಿಮ್ಮ ಮಗಳನ್ನು ನಿಲ್ಲಿಸಿ “ಇವಳಿಗೂ ಏನೋ ಬಡಿದಿದೆ” ಅಂತ ಊರಿಗೆ ತೋರಿಸಬೇಡಿ. ಅತ್ತೆಯವರಿಗೆ ಹರಕೆ ಇದ್ದರೆ ತೀರಿಸಿ ಬನ್ನಿ. ಮಾತ್ರೆ ಚೀಲದಲ್ಲಿರಲಿ. ಭೀಮಾ-ಅಮರ್ಜಾ ಸಂಗಮದಲ್ಲಿ ಅವಳೊಬ್ಬಳನ್ನೇ ಮುಳುಗು ಹಾಕಲು ಬಿಡಬೇಡಿ. ಫಿಟ್ಸ್ ಇದ್ದವರಿಗೆ ನೀರು ಅಪಾಯ, ದಂಡೆಯಲ್ಲಿ ಕೂರಿಸಿ ತಂಬಿಗೆಯಲ್ಲಿ ಹಾಕಿ. ದತ್ತ ಬೇಡ ಅನ್ನಲ್ಲ.

ಮಗಳ ಸಾಲಿಗೆ ಬರೋಣ. “ಕದ್ದು ನುಂಗೋದು” ಅಂದಳಲ್ಲ, ಅದನ್ನು ನಾನು ಔಷಧಿ ಅಂಗಡಿಯಲ್ಲಿ ನೋಡಿದ್ದೇನೆ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಸಂಜೆ ಒಮ್ಮೆ ನಿಂತು ನೋಡಿ. ಶುಗರ್ ಮಾತ್ರೆ ಕೇಳುವವರು ರಸ್ತೆಗೆ ಕೇಳುವ ಹಾಗೆ ಕೇಳುತ್ತಾರೆ. ಬಿಪಿಯವರು ತಮ್ಮದು ಎಷ್ಟಿದೆ ಅಂತ ಪಕ್ಕದವರಿಗೂ ಹೇಳುತ್ತಾರೆ, ಪಕ್ಕದವರು ತಮ್ಮದು ಇನ್ನೂ ಜಾಸ್ತಿ ಅನ್ನುತ್ತಾರೆ. ಮದುವೆ ಪಂಕ್ತಿಯಲ್ಲಿ ಹೋಳಿಗೆ ಬೇಡ, ಶುಗರ್ ಅದ ಅನ್ನುವುದರಲ್ಲಿ ಒಂದು ದೊಡ್ಡಸ್ತಿಕೆಯೇ ಇದೆ. ಫಿಟ್ಸ್ ಮಾತ್ರೆ ಬೇಕಾದವರು ಮಾತ್ರ ಖಾಲಿ ಪಟ್ಟಿಯ ತುಂಡನ್ನು ಅಂಗೈಯಲ್ಲಿ ಮಡಚಿ ಹಿಡಿದು, ಗಿರಾಕಿ ಕಡಿಮೆ ಆಗಲಿ ಅಂತ ಕಾಯುತ್ತಾರೆ. ಟಿ.ಬಿ.ಯವರದೂ, ಮನಸ್ಸಿನ ಕಾಯಿಲೆಯವರದೂ ಇದೇ ಪಾಡು. ಯಾವ ಕಾಯಿಲೆಗೆ ಮರ್ಯಾದೆ, ಯಾವುದಕ್ಕೆ ಇಲ್ಲ ಅಂತ ಯಾರು ಹಂಚಿದರೋ!

ಈ ಕಾಯಿಲೆ ಇರುವವರು ನನಗೆ ಹೇಳಿದ ಮಾತು ಒಂದಿದೆ. ಬಿದ್ದಿದ್ದು ಅವರಿಗೆ ನೆನಪಿರುವುದಿಲ್ಲ. ನೆನಪಿರುವುದು ಎಚ್ಚರಾದ ಮೇಲಿನದು. ಸುತ್ತ ನಿಂತ ಮುಖಗಳು, ಯಾರೋ ಸರಿ ಮಾಡಿದ ಸೀರೆ, ಒದ್ದೆಯಾದ ಬಟ್ಟೆ, “ಅಯ್ಯೋ ಪಾಪ” ಅನ್ನುವ ದನಿ. ಮುಂದಿನ ಫಿಟ್ಸ್ ಬರುತ್ತದೋ ಇಲ್ಲವೋ, ಆ ಮುಖಗಳ ಹೆದರಿಕೆ ದಿನಾ ಇರುತ್ತದೆ. ಸಂತೆಗೆ ಹೋಗುವುದು ನಿಲ್ಲುತ್ತದೆ, ಬಸ್ ಹತ್ತುವುದು ನಿಲ್ಲುತ್ತದೆ, ಗೆಳತಿಯ ಮದುವೆಗೂ ನೆಪ ಹೇಳುತ್ತಾರೆ. ಈ ಕಾಯಿಲೆ ಇರುವವರಲ್ಲಿ ಖಿನ್ನತೆ ಬೇರೆಯವರಿಗಿಂತ ಜಾಸ್ತಿ ಅಂತ ವೈದ್ಯರು ಹೇಳುತ್ತಲೇ ಬಂದಿದ್ದಾರೆ. ನಿಮ್ಮ ಮಗಳ ಮನಸ್ಸಿಗೂ ಹಾಗೆ ಭಾರ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಲಿ. 2022ರಿಂದ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಲೆಕ್ಕ. ಬೆಂಗಳೂರಿನ ಸುತ್ತ ನಿಮ್ಹಾನ್ಸ್‌ನವರು ಹಿಂದೆ ಮಾಡಿದ ಸಮೀಕ್ಷೆಯಲ್ಲಿ ಸಾವಿರ ಜನಕ್ಕೆ ಸುಮಾರು 9 ಮಂದಿಗೆ ಈ ಕಾಯಿಲೆ ಕಂಡಿತ್ತು. ಪೇಟೆಯಲ್ಲಿ 6ರ ಹತ್ತಿರ, ಹಳ್ಳಿಯಲ್ಲಿ 12ರ ಹತ್ತಿರ. ಅಂದರೆ ಸಾವಿರ ಜನ ಉಣ್ಣುವ ಮದುವೆಯಲ್ಲಿ ಏಳೆಂಟು ಹತ್ತು ಜನಕ್ಕೆ ಇದು ಇರುತ್ತದೆ. ಬೀಗರ ಕಡೆಯೂ ಇರಬಹುದು, ನಿಮ್ಮ ಹಾಗೇ ಅವರೂ ಬಾಯಿ ಬಿಗಿದುಕೊಂಡಿರಬಹುದು. ಸರಿಯಾಗಿ ಔಷಧಿ ಸಿಕ್ಕರೆ ನೂರರಲ್ಲಿ 70 ಜನ ಫಿಟ್ಸ್ ಇಲ್ಲದೆ ಬದುಕಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜಾಂಟಿ ರೋಡ್ಸ್ ನೆನಪಿದೆಯಾ? 1992ರ ವಿಶ್ವಕಪ್‌ನಲ್ಲಿ ಗಾಳಿಯಲ್ಲಿ ಹಾರಿ ಇಂಜಮಾಮ್‌ನ ವಿಕೆಟ್ ಉರುಳಿಸಿದವನು. ಅವನಿಗೂ ಇದೇ ಕಾಯಿಲೆ. ಮುಚ್ಚಿಡಲಿಲ್ಲ, ಎಲ್ಲರ ಮುಂದೆ ಹೇಳಿಕೊಂಡ. ನಿಮ್ಮ ಭಾವ ಕ್ರಿಕೆಟ್ ನೋಡುವವರಾದರೆ ಇದನ್ನ ಅವರಿಗೆ ತಪ್ಪದೆ ಹೇಳಿ.

ಕಾನೂನಿನ ಕಥೆಯೂ ಕೇಳಿ. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ತಿದ್ದುಪಡಿ ಮಾಡಿದಾಗ ಹುಚ್ಚಿನ ಪಕ್ಕಕ್ಕೇ ಮೂರ್ಛೆರೋಗವನ್ನೂ ಕೂರಿಸಿದರು. ಇದಿದ್ದವರ ಮದುವೆಯನ್ನು ರದ್ದು ಮಾಡಿಸಬಹುದಿತ್ತು. ಆ ಮಾತನ್ನು ತೆಗೆದಿದ್ದು 1999ರಲ್ಲಿ. ಕುಷ್ಠ ವಿಚ್ಛೇದನದ ಕಾರಣವಾಗಿ ಇನ್ನೂ ಇಪ್ಪತ್ತು ವರ್ಷ ಉಳಿದಿತ್ತು, ಅದನ್ನು 2019ರಲ್ಲಿ ಕೈಬಿಟ್ಟರು. ಅಂದರೆ ಫಿಟ್ಸ್ ಇದೆ ಅನ್ನುವುದಷ್ಟೇ ಇವತ್ತು ಮದುವೆ ಮುರಿಯಲು ಕಾರಣ ಅಲ್ಲ. ಆದರೆ ಮುಖ್ಯ ವಿಷಯ ಮುಚ್ಚಿಟ್ಟು ಮೋಸದಿಂದ ಒಪ್ಪಿಗೆ ಪಡೆದರು ಅಂತ ಕೋರ್ಟಿಗೆ ಹೋಗುವ ದಾರಿ ತೆರೆದೇ ಇದೆ. ಹೇಳಿದರೆ ಕಾನೂನು ನಿಮ್ಮ ಮಗಳ ಕಡೆ. ಮುಚ್ಚಿಟ್ಟರೆ ನೀವೇ ಎದುರಿನವರ ವಕೀಲರಿಗೆ ಕೆಲಸ ಕೊಟ್ಟ ಹಾಗೆ.

ನನ್ನ ಸಿಟ್ಟು ನಿಮ್ಮ ಮೇಲಷ್ಟೇ ಅಲ್ಲ ಬಿಡಿ. ನಮ್ಮ ಭಾಗದಲ್ಲಿ ಮೆಡಿಕಲ್ ಕಾಲೇಜುಗಳಿಗೆ ಬರ ಇಲ್ಲ. ಕಲಬುರಗಿ, ಬೀದರ, ಯಾದಗಿರಿ ಮೂರರಲ್ಲೂ ಸರ್ಕಾರಿ ಕಾಲೇಜಿದೆ. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ಬಂತು, ಹೈದರಾಬಾದ್ ಕರ್ನಾಟಕ ಹೋಗಿ 2019ರಲ್ಲಿ ಕಲ್ಯಾಣ ಕರ್ನಾಟಕ ಅಂತ ಬೋರ್ಡೂ ಬಂತು. ಆದರೂ ನರರೋಗದ ಡಾಕ್ಟರಿಗಾಗಿ ನಮ್ಮ ಜನ ಸೊಲ್ಲಾಪುರದ ಬಸ್ಸು, ಹೈದರಾಬಾದಿನ ರೈಲು ಹತ್ತುವುದು ನಿಂತಿಲ್ಲ. ಒಂದು ದಿನದ ಕೂಲಿ ಹೋಗುತ್ತದೆ, ಜೊತೆಗೆ ಬಂದವರದೂ ಹೋಗುತ್ತದೆ. ಅಲ್ಲಿ ಬರೆದುಕೊಟ್ಟ ಮಾತ್ರೆ ಇಲ್ಲಿ ಮುಗಿದಾಗ ಮತ್ತೆ ಹೋಗಲು ಆಗದೆ ಬಿಟ್ಟುಬಿಡುತ್ತಾರೆ. ಶಾಲೆಗಳದು ಇನ್ನೊಂದು ಕಥೆ. ತರಗತಿಯಲ್ಲಿ ಒಮ್ಮೆ ಬಿದ್ದ ಹುಡುಗಿಯ ತಂದೆಯನ್ನು ಕರೆದು “ಬೇರೆ ಮಕ್ಕಳು ಹೆದರ್ತಾವ, ಟಿ.ಸಿ. ತಗೊಂಡು ಹೋಗ್ರಿ” ಅಂದ ಹೆಡ್ ಮಾಸ್ತರರನ್ನು ನಾನು ಬಲ್ಲೆ. ಮಕ್ಕಳು ಹೆದರಿರಲಿಲ್ಲ. ಹೆದರಿದ್ದು ಮಾಸ್ತರರೇ.

ಯಾದಗಿರಿ ಕಡೆ ಇನ್ನೊಬ್ಬ ಮೇಷ್ಟರಿದ್ದಾರೆ. ಅವರಿಗೇ ಫಿಟ್ಸ್ ಇದೆ. ಪ್ರತಿ ಜೂನ್‌ನಲ್ಲಿ ಹೊಸ ಮಕ್ಕಳಿಗೆ ಪಾಠಕ್ಕೂ ಮೊದಲು ಅದನ್ನೇ ಹೇಳುತ್ತಾರೆ. ನಾನು ಬಿದ್ದರೆ ಒಬ್ಬರು ಪಕ್ಕಕ್ಕೆ ಹೊರಳಿಸಿ, ಒಬ್ಬರು ತಲೆ ಕೆಳಗೆ ಚೀಲ ಇಡಿ, ಒಬ್ಬರು ಗಡಿಯಾರ ನೋಡಿ. ಬಾಯಿಗೆ ಏನೂ ಹಾಕಬೇಡಿ, ನೀರೂ ಬೇಡ. ಐದು ನಿಮಿಷ ದಾಟಿದರೆ ಆಂಬುಲೆನ್ಸಿಗೆ ಹೇಳಿ. ಒಮ್ಮೆ ಬಿದ್ದೂ ಬಿದ್ದರಂತೆ. ಎದ್ದಾಗ ಗಡಿಯಾರದ ಹುಡುಗ “ಸರ್, ಎರಡು ನಿಮಿಷ ಹತ್ತು ಸೆಕೆಂಡ್” ಅಂದನಂತೆ, ಓಟದ ಪಂದ್ಯದ ಟೈಮ್ ಹೇಳಿದ ಹಾಗೆ. ಬಿ.ಎಡ್. ಮುಗಿಸಿದ ತಂಗಿ, ಈ ಕಥೆ ನಿನಗೆ. ನಿನ್ನ ತರಗತಿಯ ಮಕ್ಕಳು ಅದೃಷ್ಟವಂತರು ಅಂತ ನನಗೆ ಈಗಲೇ ಅನ್ನಿಸುತ್ತಿದೆ.

ಹಾಗಾದರೆ ಬೀದರದವರಿಗೆ ಹೇಗೆ ಹೇಳುವುದು? ದಲ್ಲಾಳಿ ಬಾಯಲ್ಲಿ ಬೇಡ, ಹಿರಿಯರ ಪಂಚಾಯ್ತಿಯಲ್ಲೂ ಬೇಡ. ಹುಡುಗ ಹುಡುಗಿ ಮಾತಾಡಲು ಕೂತಾಗ ಅವಳೇ ಹೇಳಲಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಬರ್ತೀರಾ ಅಂತ ಹುಡುಗನನ್ನು ಕೇಳಲಿ. ಮಕ್ಕಳಿಗೂ ಬರುತ್ತದಾ ಅಂತ ಅವನು ಕೇಳಿಯೇ ಕೇಳುತ್ತಾನೆ. ಬಹುತೇಕ ಮಕ್ಕಳಿಗೆ ಬರುವುದಿಲ್ಲ ಅನ್ನುವುದನ್ನು ಡಾಕ್ಟರ ಬಾಯಿಂದಲೇ ಕೇಳಿಕೊಳ್ಳಲಿ. ಅದೇ ದಿನ ಅವಳು ತಗೊಳ್ಳುತ್ತಿರುವ ಮಾತ್ರೆ ಯಾವುದು, ಬಸಿರಿಗೆ ಮೊದಲೇ ಬದಲಿಸಬೇಕಾ, ಫೋಲಿಕ್ ಆಸಿಡ್ ಯಾವಾಗಿನಿಂದ ಅಂತಲೂ ಕೇಳಿಬಿಡಿ. ವಾಲ್‌ಪ್ರೊಯೇಟ್ ಅನ್ನುವ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ಒಳ್ಳೆಯದಲ್ಲ, ಹಾಗಂತ ನೀವೇ ನಿಲ್ಲಿಸುವುದೂ ಒಳ್ಳೆಯದಲ್ಲ. ಹುಡುಗ ಬಂದರೆ ಸಂತೋಷ. ಬರದಿದ್ದರೆ ಮೂರನೆಯದೂ ಮುರಿಯಿತು ಅಂತ ಬರೆದುಕೊಳ್ಳಿ, ನಿಮಗೆ ನೋವಾಗುತ್ತದೆ, ನನಗೆ ಗೊತ್ತು. ಆದರೂ ಮಗಳ ಮುಂಗೈ ಸುಡುವುದಿಲ್ಲ.

ಮದುವೆ ನಿಕ್ಕಿ ಆದರೆ ಬೆಳಗಿನ ಜಾವದ ಮುಹೂರ್ತ ಬೇಡ ಅಂತ ಸ್ವಾಮಿಗಳಿಗೆ ಮೊದಲೇ ಹೇಳಿ. ಹಿಂದಿನ ರಾತ್ರಿ ಅವಳು ನಿದ್ದೆ ಮಾಡಲಿ, ಡಿಜೆ ದೂರ ಇರಲಿ, ಉಪವಾಸ ಅವಳಿಗೆ ಮಾಫಿ. ಮಾತ್ರೆಯ ಹೊತ್ತು ನೋಡಿಕೊಳ್ಳುವ ಜವಾಬ್ದಾರಿಯನ್ನು ಸೋದರಮಾವನಿಗೇ ವಹಿಸಿ. ಎಲ್ಲರ ಎದುರಿಗೆ, ನೀರಿನ ಲೋಟದ ಸಮೇತ ಅವರೇ ತಂದು ಕೊಡಲಿ.