ಅತ್ತೆ ಕೇಳಿದ್ದನ್ನ ಬ್ರಾಕೆಟ್ಟಲ್ಲಿ ಯಾಕೆ ಹಾಕಿದ್ರಿ?

ನಮಸ್ಕಾರ ಮೇಡಂ,

ನಮ್ಮ ಪತ್ರಿಕೆಗೆ ನೀವು ಕಳಿಸಿದ ಪ್ರವಾಸ ಲೇಖನ 'ಸ್ವರ್ಗಸದೃಶ ಪೊವಿಸ್ ಕೋಟೆಯಲ್ಲೊಂದು ದಿನ' ಬಂದು ಮೂರು ವಾರ ಆಯ್ತು, ಉತ್ತರ ತಡ ಆಯ್ತು, ಬೇಜಾರು ಮಾಡ್ಕೋಬೇಡಿ. 'ಸದ್ಯಕ್ಕೆ ಪ್ರಕಟಿಸಲು ಆಗುತ್ತಿಲ್ಲ' ಅಂತ ಒಂದೇ ಸಾಲು ಬರೆದು ಕೈ ತೊಳ್ಕೊಳ್ಳೋಣ ಅಂತ ಎರಡು ಸಲ ಕೂತೆ, ಎರಡು ಸಲನೂ ಆಗ್ಲಿಲ್ಲ. ಆರು ಪುಟದ ಲೇಖನದಲ್ಲಿ ನಾಲ್ಕನೇ ಪುಟದಲ್ಲಿ ಒಂದು ಬ್ರಾಕೆಟ್ಟಿದೆ, ಅದು ನನ್ನ ತಲೆ ತಿಂತಿದೆ. ನಿಮ್ಮ ಒಪ್ಪಿಗೆ ತಗೊಂಡು, ನಿಮ್ಮ ಹೆಸರು ತೆಗೆದು, ಈ ಉತ್ತರನ ಎಲ್ಲರೂ ಓದೋ ಹಾಗೆ ಹಾಕ್ತಿದೀನಿ, ಯಾಕಂದ್ರೆ ಇದೇ ತಪ್ಪನ್ನ ವಾರಕ್ಕೆ ನಾಲ್ಕು ಜನ ಕಳಿಸ್ತಾರೆ.

ಮೊದಲು ಚೆನ್ನಾಗಿರೋದು ಹೇಳಿಬಿಡ್ತೀನಿ. ಕಾಗುಣಿತ ತಪ್ಪಿಲ್ಲ, ಅಲ್ಪಪ್ರಾಣ ಮಹಾಪ್ರಾಣ ಸರಿಯಾಗಿವೆ, ಈ ಕಾಲದಲ್ಲಿ ಅದೇ ದೊಡ್ಡದು. ಕಾರಲ್ಲಿ ಮಗ ವಾಂತಿ ಮಾಡ್ಕೊಂಡಿದ್ದು ಚೆನ್ನಾಗಿದೆ. ಟೆರೇಸ್ ತೋಟದ ಮೇಲಿಂದ ಕೆಳಗೆ ನೋಡಿದ್ರೆ ಗದ್ದೆ ಬಯಲು ಕಾಣ್ಸತ್ತೆ ಅನ್ನೋ ಪ್ಯಾರಾನೂ ಪರವಾಗಿಲ್ಲ. ಆಯ್ತು.

ಓದ್ತಿರೋ ಬೇರೆಯವರಿಗೋಸ್ಕರ ಎರಡು ಮಾತು. ಪೊವಿಸ್ ಕೋಟೆ ಇರೋದು ವೇಲ್ಸಲ್ಲಿ, ವೆಲ್ಷ್‌ಪೂಲ್ ಅನ್ನೋ ಸಣ್ಣ ಊರಿನ ಪಕ್ಕ. (ನೀವು 'ಇಂಗ್ಲೆಂಡಿನ ಹಸಿರು ಮಡಿಲಲ್ಲಿ' ಅಂತ ಬರೆದಿದ್ದೀರಿ, ಆ ಊರವರಿಗೆ ಕೇಳಿಸಿದ್ರೆ ಟೀ ಕೊಡ್ತಿರ್ಲಿಲ್ಲ.) ಹದಿಮೂರನೇ ಶತಮಾನದ ಕೆಂಪು ಕಲ್ಲಿನ ಕೋಟೆ, ಆಮೇಲೆ ಅರಮನೆ ಆಯ್ತು. ಬೆಟ್ಟದ ಇಳಿಜಾರನ್ನ ಮೆಟ್ಟಿಲು ಮೆಟ್ಟಿಲಾಗಿ ಕಡಿದು ಮಾಡಿರೋ ತೋಟ, ಸೀಸದ ಬೊಂಬೆಗಳು, ಹದಿನಾಲ್ಕು ಮೀಟರ್ ಎತ್ತರದ ಯೂ ಮರದ ಬೇಲಿ. 1952ರಿಂದ ನ್ಯಾಷನಲ್ ಟ್ರಸ್ಟ್ ಅನ್ನೋ, ಹಳೇ ಕಟ್ಟಡ ತೋಟಗಳನ್ನ ಕಾಪಾಡೋ ಸಂಸ್ಥೆ ಕೈಲಿದೆ, ಟಿಕೆಟ್ ತಗೊಂಡು ಹೋಗಿ ನೋಡಬಹುದು. ಒಳಗೆ ಕ್ಲೈವ್ ಮನೆತನದವರು ಇಂಡಿಯಾದಿಂದ ತಂದಿಟ್ಕೊಂಡಿದ್ದ ಸಾಮಾನುಗಳ ಮ್ಯೂಸಿಯಂ ಇದೆ.

ಇನ್ನು ಜಗಳ ಶುರು.

'ಕಣ್ಮನ ಸೆಳೆಯುವ' ಅನ್ನೋದನ್ನ ಎಣಿಸಿದೆ, ಐದು ಸಲ ಇದೆ. ಹೂವು ಕಣ್ಮನ ಸೆಳೆಯುತ್ತೆ, ಮೆಟ್ಟಿಲು ಕಣ್ಮನ ಸೆಳೆಯುತ್ತೆ, ಚಾವಣಿ ಕಣ್ಮನ ಸೆಳೆಯುತ್ತೆ, ಕೊನೆಗೆ ಪಾರ್ಕಿಂಗ್ ಪಕ್ಕದ ನವಿಲೂ ಸೆಳೆಯುತ್ತೆ. ಎಲ್ಲ ಕಡೆಯಿಂದ ಹಿಂಗೆ ಎಳೆದ್ರೆ ಕಣ್ಣು ಮನಸ್ಸು ಎರಡೂ ಹರಿದು ಹೋಗಲ್ವಾ? ಇದು ನಿಮ್ಮ ಮಾತಲ್ಲ, ಪ್ರವಾಸೋದ್ಯಮ ಇಲಾಖೆ ಕರಪತ್ರದ ಮಾತು. ನೀವು ಅತ್ತೆ ಹತ್ರ ಮಾತಾಡ್ತಾ 'ಅತ್ತೆ, ನೋಡಿ, ಕಣ್ಮನ ಸೆಳೆಯುತ್ತಿದೆ' ಅಂದ್ರಾ? ಇಲ್ಲ ತಾನೇ. ಅದಿರ್ಲಿ, ಇದನ್ನ ಕತ್ತರಿ ಹಾಕಿ ಸರಿ ಮಾಡ್ಬಹುದು. ನನಗೆ ನಿಜವಾಗ್ಲೂ ಉರಿದಿದ್ದು ನಾಲ್ಕನೇ ಪುಟ. ಅಲ್ಲಿರೋ ನಾಲ್ಕು ವಾಕ್ಯಗಳನ್ನ ಒಂದೊಂದಾಗಿ ಬಿಡಿಸ್ತೀನಿ.

'ಒಳಗೆ ಕ್ಲೈವ್ ಸಂಗ್ರಹಾಲಯವಿದ್ದು, ರಾಬರ್ಟ್ ಕ್ಲೈವ್ ನಮ್ಮ ಟಿಪ್ಪು ಸುಲ್ತಾನನನ್ನು ಸೋಲಿಸಿ ತಂದ ಅಪರೂಪದ ವಸ್ತುಗಳು ಕಣ್ಮನ ಸೆಳೆಯುತ್ತವೆ.'

ಮೇಡಂ, ರಾಬರ್ಟ್ ಕ್ಲೈವ್ ಸತ್ತಿದ್ದು 1774ರಲ್ಲಿ. ಶ್ರೀರಂಗಪಟ್ಟಣ ಬಿದ್ದಿದ್ದು, ಟಿಪ್ಪು ಸತ್ತಿದ್ದು 1799 ಮೇ 4. ಸತ್ತು ಇಪ್ಪತ್ತೈದು ವರ್ಷ ಆದ್ಮೇಲೆ ಎದ್ದು ಬಂದು ಯುದ್ಧ ಮಾಡಿದ್ನಾ? ನಿಮ್ಮ ಮೇಲ್ ಕೊನೇಲಿ 'ಮೂಲತಃ ಮಂಡ್ಯದವಳು' ಅಂತ ಹಾಕಿದ್ದೀರಿ, ಅದಕ್ಕೇ ಜಾಸ್ತಿ ಸಿಟ್ಟು ಬಂತು. ಆ ಕ್ಲೈವ್ ಈ ಕ್ಲೈವ್ ಅಲ್ಲ. ಇವನು ಮಗ ಎಡ್ವರ್ಡ್, 1798ರಿಂದ 1803ರವರೆಗೆ ಮದ್ರಾಸಿನ ಗವರ್ನರ್. ಕೋಟೆ ಇವರಪ್ಪಂದೂ ಅಲ್ಲ, ಹೆಂಡತಿ ಹೆನ್ರಿಯೆಟ್ಟಾ ಹರ್ಬರ್ಟ್ ತವರಿಂದು. 1784ರಲ್ಲಿ ಮದುವೆ ಆಯ್ತು. ಹುಡುಗಿ ಕಡೆಯವರಿಗೆ ಹಳೇ ಮನೆತನ, ಕೋಟೆ, ಜೊತೆಗೆ ಸಾಲ. ಹುಡುಗನ ಕಡೆಯವರಿಗೆ ಅಪ್ಪ ಬಂಗಾಳದಲ್ಲಿ ಬಾಚಿದ್ದ ದುಡ್ಡು. ನಮ್ಮ ಕಡೆ ಸಂಬಂಧ ಕುದುರಿಸೋ ಹಾಗೇ ಕುದುರಿಸಿದಾರೆ, ಇದು ನಿಮ್ಮ ಅತ್ತೆಯವರಿಗೆ ಒಂದೇ ಏಟಿಗೆ ಅರ್ಥ ಆಗೋ ವಿಷಯ.

ಈಗ ಕೇಳಿ. ಆ ಹೆನ್ರಿಯೆಟ್ಟಾ, ಯುದ್ಧ ಮುಗಿದ ಮರುವರ್ಷ, ಅಂದ್ರೆ 1800ರಲ್ಲಿ, ಇಬ್ಬರು ಹೆಣ್ಣುಮಕ್ಕಳನ್ನ ಕಟ್ಕೊಂಡು ಮದ್ರಾಸಿಂದ ಹೊರಟು ಬೆಂಗಳೂರು, ಶ್ರೀರಂಗಪಟ್ಟಣ ಎಲ್ಲ ಸುತ್ತಾಡ್ಕೊಂಡು ಬಂದ್ಲು. ಗಂಡ ಜೊತೇಲಿ ಇರ್ಲಿಲ್ಲ. ಚಿಕ್ಕ ಮಗಳು ಷಾರ್ಲೆಟ್‌ಗೆ ಆಗ ಹನ್ನೆರಡು ಹದಿಮೂರು ವಯಸ್ಸು, ದಾರಿಯುದ್ದಕ್ಕೂ ನೋಡಿದ್ದನ್ನ ಬರೆದಿಟ್ಕೊಂಡಿದಾಳೆ. (ಮುಂದೆ ಅವಳೇ ರಾಣಿ ವಿಕ್ಟೋರಿಯಾ ಚಿಕ್ಕವಳಿದ್ದಾಗ ಅವಳಿಗೆ ಪಾಠ ಹೇಳಿಸೋ ಗವರ್ನೆಸ್ ಆದ್ಲು. ನಮ್ಮಲ್ಲೂ ಕೆಲವರು ಕುಂಡದಲ್ಲಿ ಇಟ್ಕೊಂಡಿರೋ ಕ್ಲೈವಿಯಾ ಅನ್ನೋ ಕಿತ್ತಳೆ ಬಣ್ಣದ ಹೂವಿಗೆ ಅವಳದೇ ಹೆಸರು, ಗಿಡ ಮಾತ್ರ ದಕ್ಷಿಣ ಆಫ್ರಿಕಾದ್ದು.) ಅಂದ್ರೆ ಪೊವಿಸ್ ಮನೆ ಹೆಂಗಸರು ನಿಮ್ಮೂರಿಗೆ ಟೂರ್ ಬಂದಿದ್ರು. ಇನ್ನೂರು ಚಿಲ್ಲರೆ ವರ್ಷ ಆದ್ಮೇಲೆ ನೀವು, ನಿಮ್ಮತ್ತೆ ಅವರ ಮನೆಗೆ ಟೂರ್ ಹೋಗಿದ್ದೀರಿ, ಟಿಕೆಟ್ ತಗೊಂಡು. ನಾನಾಗಿದ್ರೆ ಲೇಖನ ಇಲ್ಲಿಂದ ಶುರು ಮಾಡ್ತಿದ್ದೆ, ನೀವು ಸೀಟ್‌ಬೆಲ್ಟಿಂದ ಶುರು ಮಾಡಿದ್ದೀರಿ.

ಅದೇ ವಾಕ್ಯದಲ್ಲಿ 'ಅಪರೂಪದ ವಸ್ತುಗಳು'. ಯಾವ ವಸ್ತು? ಟಿಪ್ಪು ಸಿಂಹಾಸನದ ಕಟಕಟೆ ಮೇಲಿದ್ದ ಹುಲಿ ತಲೆಗಳಲ್ಲಿ ಒಂದು ಅಲ್ಲಿದೆ. ಅಂಗೈ ಮೇಲೆ ಕೂರೋವಷ್ಟು ಸಣ್ಣದು, ಚಿನ್ನದ ತಗಡು, ಮೇಲೆ ಮಾಣಿಕ್ಯ, ವಜ್ರ, ಪಚ್ಚೆ. ಲೂಟಿ ಪಾಲು ಹಂಚ್ಕೊಳ್ಳೋಕೆ ಸಿಂಹಾಸನನ ಒಡೆದು ತುಂಡು ತುಂಡು ಮಾಡಿದ್ರಲ್ಲ, ಅದರಲ್ಲೊಂದು ತುಂಡು ಇದು. ಅದರ ಮುಂದೆ ನಿಂತಿದ್ರಾ, ನಿಮ್ಮ ಮಗ ಗಾಜಿಗೆ ಮೂಗು ಒತ್ತಿ ನೋಡಿದ್ನಾ? ನಾನು ಆ ಕೋಟೆಗೆ ಹೋದವನಲ್ಲ, ಹೋಗೋ ಹಾಗೂ ಕಾಣೆ, ಮಂಡಿ ನೋವು. ನೀವು ನೋಡಿ ಬಂದು ನನಗೆ 'ಅಪರೂಪದ ವಸ್ತು' ಅಂದ್ರೆ ನಾನೇನು ಕಾಣ್ಲಿ?

ಎರಡನೇ ವಾಕ್ಯ. 'ಟಿಪ್ಪುವಿನ ಡೇರೆಯನ್ನು ಕಂಡಾಗ ಮನಸ್ಸು ಭಾರವಾಯಿತು.'

ಇದನ್ನ ಓದಿ ನಾನು ಎದ್ದು ಹೋಗಿ ಕಾಫಿ ಮಾಡ್ಕೊಂಡು ಬಂದೆ. ಯಾಕೆ ಅಂತ ಹೇಳ್ಬೇಕಾದ್ರೆ ನನ್ನ ಕಥೆ ಹೇಳ್ಬೇಕು.

ನಾನು ಬೆಂಗಳೂರಿನ ಒಂದು ವಾರಪತ್ರಿಕೇಲಿ ಟ್ರೈನಿ ಆಗಿ ಸೇರಿದಾಗ ಇಪ್ಪತ್ತೆರಡು ವರ್ಷ. ಎರಡನೇ ತಿಂಗಳಲ್ಲೇ ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್ ನೋಡ್ಕೊಂಡು ಬಾ, ಎರಡು ಪುಟ ಬರಿ ಅಂದ್ರು. ಅದೂ ಇಂಥದ್ದೇ ಜಾಗ ತಾನೇ, ತೋಟದ ಮಧ್ಯೆ ಬೇಸಿಗೆ ಅರಮನೆ, 1784ರಲ್ಲಿ ಟಿಪ್ಪು ಕಟ್ಟಿಸಿದ್ದು. ಬೆಳಗ್ಗೆ ಕೆಂಪು ಬಸ್ಸಲ್ಲಿ ಹೋದೆ, ಹೊಳೇಲಿ ಕಾಲು ಇಳಿಬಿಟ್ಕೊಂಡು ಕೂತೆ, ಸಂಜೆ ವಾಪಸ್. ರಾತ್ರಿ ಕೂತು ಬರೆದೆ, 'ಗೋಡೆಗಳ ಮೇಲಿನ ಯುದ್ಧದ ವರ್ಣಚಿತ್ರಗಳು ನೋಡುಗರನ್ನು ಮಂತ್ರಮುಗ್ಧರನ್ನಾಗಿಸುತ್ತವೆ, ಇತಿಹಾಸ ನೆನೆದು ಮನ ಮಿಡಿಯುತ್ತದೆ' ಅಂತೆಲ್ಲ. ನನ್ನದೇ ಬರಹ ನಾಲ್ಕು ಸಲ ಜೋರಾಗಿ ಓದ್ಕೊಂಡು ಖುಷಿ ಪಟ್ಟೆ.

ನಮ್ಮ ಚೀಫ್ ಸಬ್ ಎಡಿಟರ್ ಒಬ್ಬರಿದ್ರು, ಪೆನ್ನಿಗೆ ದುಡ್ಡು ಹಾಕದೆ ಬರೀ ಕೆಂಪು ರೀಫಿಲ್‌ಗೆ ಕಾಗದ ಸುತ್ಕೊಂಡು ತಿದ್ದೋರು. ಓದಿ ಮುಗಿಸಿ, ತಲೆ ಎತ್ತದೆ, 'ಪಡುವಲ ಗೋಡೆ ಚಿತ್ರ ನೋಡಿದ್ಯಾ? ಬೇಲಿ ಏನ್ ಮಾಡ್ತಿದಾನೆ?' ಅಂದ್ರು. ನಾನು, 'ಬೇಲಿ ಇದೆ ಸರ್, ತೋಟದ ಸುತ್ತ ಹಾಕಿದಾರೆ, ತಂತಿ ಬೇಲಿ' ಅಂದೆ. ಇಡೀ ಡೆಸ್ಕು ನಗ್ತು. ಎರಡು ದಿನ ನನ್ನನ್ನ ಬೇಲಿ ಅಂತಲೇ ಕರೀತಿದ್ರು, ಪ್ರೂಫ್ ನೋಡೋ ಹುಡುಗ ಬಿಟ್ಟು ಹೋಗೋವರೆಗೂ ಕರೀತಿದ್ದ. ಕರ್ನಲ್ ಬೇಲಿ ಅಂದ್ರೆ 1780ರ ಪೊಲ್ಲಿಲೂರು ಯುದ್ಧದಲ್ಲಿ ಹೈದರ್, ಟಿಪ್ಪು ಕೈಲಿ ಸೋತ ಇಂಗ್ಲಿಷ್ ದಂಡಿನ ನಾಯಕ, ನಾನು 'ಮಂತ್ರಮುಗ್ಧ' ಆಗಿದ್ದೆ ಅಂತ ಬರೆದ ಚಿತ್ರದ ನಟ್ಟನಡುವೆ ಕೂತಿರೋನು! ಮುಂದಿನ ಭಾನುವಾರ ಸ್ವಂತ ಖರ್ಚಲ್ಲಿ ಮತ್ತೆ ಹೋದೆ. ಸುತ್ತ ರಕ್ತ, ಕುದುರೆ, ಹೊಗೆ, ಮದ್ದಿನ ಗಾಡಿ ಸಿಡೀತಿದೆ, ಮಧ್ಯದಲ್ಲಿ ಬೇಲಿ ಪಲ್ಲಕ್ಕೀಲಿ ಕೂತು ಬೆರಳು ಕಚ್ಚಿಕೊಂಡಿದಾನೆ. ಇನ್ನೊಂದು ಕಡೆ ಟಿಪ್ಪು ಕುದುರೆ ಮೇಲೆ ಆರಾಮಾಗಿ ಗುಲಾಬಿ ಮೂಸ್ತಿದಾನೆ. ಆ ಬೆರಳು, ಆ ಗುಲಾಬಿ ಎರಡೂ ಮೊದಲ ಭಾನುವಾರವೂ ಅಲ್ಲೇ ಇದ್ವು, ನಾನು ಅದರ ಮುಂದೇನೇ ನಿಂತು ಕಡ್ಲೆಕಾಯಿ ತಿಂದಿದ್ದೆ. ಮತ್ತೆ ಬರೆದಿದ್ದನ್ನ ಇನ್ನೂರೈವತ್ತು ಪದಕ್ಕೆ ಇಳಿಸಿ, ಹೆಸರಿಲ್ಲದೆ, ಸಿನಿಮಾ ಪುಟದ ಮೂಲೇಲಿ ಹಾಕಿದ್ರು. ಆ ಕಟಿಂಗ್ ಇನ್ನೂ ನನ್ನ ಹತ್ರ ಇದೆ.

ಅದಕ್ಕೇ 'ಮನಸ್ಸು ಭಾರವಾಯಿತು' ಅಂದ್ರೆ ನನಗೆ ಅನುಮಾನ. ನೀವು ಸುಳ್ಳು ಹೇಳ್ತಿದೀರಿ ಅಂತಲ್ಲ. ಅಲ್ಲಿ ಏನೋ ಒಂದು ಆಗಿದೆ, ಏನು ಅಂತ ನೋಡ್ಕೊಳ್ಳೋಕೆ ಮುಂಚೆನೇ ರೆಡಿಮೇಡ್ ಮುಚ್ಚಳ ಹಾಕಿಬಿಟ್ಟಿದ್ದೀರಿ. ಡೇರೆ ಹೆಂಗಿತ್ತು, ಯಾವ ಬಣ್ಣ, ಅದರ ಮೇಲೇನಿತ್ತು, ಒಂದಕ್ಷರ ಇಲ್ಲ. ನಾನು ಫೋಟೋಗಳಲ್ಲಿ ನೋಡಿದ್ದನ್ನೇ ನಿಮಗೆ ಹೇಳ್ಬೇಕಾಗಿ ಬಂತು ನೋಡಿ: ಬಿಳೀ ಹತ್ತಿ ಬಟ್ಟೆ, ಅದರ ತುಂಬ ಸಾಲು ಸಾಲಾಗಿ ಕಮಾನು, ಒಂದೊಂದು ಕಮಾನಿನೊಳಗೂ ಹೂದಾನಿ, ಕೆಂಪು ಹಸಿರು ಹೂವು. ಅಂದ್ರೆ ದಂಡಯಾತ್ರೆ ಹೊರಟ ಸುಲ್ತಾನ ರಾತ್ರಿ ಮಲಗ್ತಿದ್ದಿದ್ದು ಬಟ್ಟೆ ತೋಟದೊಳಗೆ. ಆ ಬಟ್ಟೆನ ಬಲ್ಲವರು 1725–50ರ ಕಾಲದ್ದು ಅಂತಾರೆ, ಟಿಪ್ಪುಗಿಂತ ವಯಸ್ಸಲ್ಲಿ ದೊಡ್ಡದು. ಪೊವಿಸ್‌ಗೆ ಹೋದ್ಮೇಲೆ ಅದೇನಾಯ್ತು ಗೊತ್ತಾ? ಹುಲ್ಲುಹಾಸಿನ ಮೇಲೆ ಗಾರ್ಡನ್ ಪಾರ್ಟಿಗೆ ಶಾಮಿಯಾನ. ನೀವು ಬಿಸಿಲಲ್ಲಿ ಚಾಪೆ ಹಾಸ್ಕೊಂಡು ಪುಳಿಯೋಗರೆ ತಿಂದ್ರಲ್ಲ, ಅಂಥದ್ದೇ ಹುಲ್ಲಿನ ಮೇಲೆ, ಅವರು ಆ ಡೇರೆ ಕೆಳಗೆ ಟೀ ಕುಡಿದಿದಾರೆ.

ಮೂರನೇದು, ನನ್ನ ತಲೆ ತಿಂತಿರೋ ಬ್ರಾಕೆಟ್ಟು. '(ಅತ್ತೆಯವರು, ಇದು ಚೀಟಿ ಬಟ್ಟೆಯಂತಿದೆ, ಇಷ್ಟು ದೊಡ್ಡದನ್ನು ಹೇಗೆ ಒಗೆಯುತ್ತಿದ್ದರೋ ಎಂದು ತಮಾಷೆ ಮಾಡಿದರು.)'

ಯಾರು ಹೇಳಿದ್ದು ತಮಾಷೆ ಅಂತ? ಇಡೀ ಲೇಖನದಲ್ಲಿ ಆ ಡೇರೆನ ನಿಜವಾಗ್ಲೂ ನೋಡಿರೋರು ಅವರೊಬ್ಬರೇ. ಆ ಬಟ್ಟೆಗೆ ಇಂಗ್ಲಿಷಲ್ಲಿ ಚಿಂಟ್ಸ್ ಅಂತಾರೆ, ಹಿಂದಿಯ ಛೀಂಟ್‌ನಿಂದ ಹೋಗಿದ್ದು, ನಮ್ಮ ಅಜ್ಜಿಯರ ಚೀಟಿ ಬಟ್ಟೆ, ಚೀಟಿ ಲಂಗ ಅದೇ ಬಳಗದ ಮಾತು. ನಿಮ್ಮತ್ತೆ ಗಾಜಿನ ಪಕ್ಕದ ಬೋರ್ಡ್ ಓದದೇನೇ ಹೆಸರು ಹೇಳಿದಾರೆ. ಇನ್ನು ಒಗೆಯೋ ವಿಷಯ. ಯುರೋಪಿನವರು ಈ ಬಟ್ಟೆಗೆ ಹುಚ್ಚಾಗಿದ್ದೇ ಅದಕ್ಕೆ, ಒಗೆದ್ರೂ ಬಣ್ಣ ಹೋಗ್ತಿರ್ಲಿಲ್ಲ. ಬಟ್ಟೆನ ಅಳಲೆಕಾಯಿ ರಸದಲ್ಲಿ ಅದ್ದಿ, ಕೆಂಪು ಬೇಕಾದ ಕಡೆ ಪಟಿಕದ ನೀರಲ್ಲಿ ಬರೆದು, ಆಮೇಲೆ ಬೇರಿನ ಬಣ್ಣದಲ್ಲಿ ಕುದಿಸಿದ್ರೆ ಪಟಿಕ ಇರೋ ಕಡೆ ಮಾತ್ರ ಬಣ್ಣ ಕಚ್ಕೊಳ್ಳತ್ತೆ, ಉಳಿದ ಕಡೆ ತೊಳೆದು ಬಿಸಿಲಿಗೆ ಹಾಕಿದ್ರೆ ಬಿಳೀ ಆಗತ್ತೆ. ಅವರ ಕೈಲಿ ಇದು ಆಗ್ತಿರ್ಲಿಲ್ಲ. ತಮ್ಮ ನೇಕಾರರು ಹಾಳಾಗ್ತಾರೆ ಅಂತ ಫ್ರಾನ್ಸಲ್ಲಿ 1686ರಲ್ಲೇ ನಿಷೇಧ ಹಾಕಿದ್ರು, ಬ್ರಿಟನ್‌ನಲ್ಲೂ 1701, 1721ರಲ್ಲಿ ಕಾಯಿದೆ ತಂದ್ರು. ಹಂಗಿದ್ರೂ ಜನ ಕದ್ದು ತಂದು ಉಟ್ರು. ಅಂದ್ರೆ ನಿಮ್ಮತ್ತೆ ಕೇಳಿದ್ದು ಎರಡು ದೇಶದ ಸರ್ಕಾರಗಳು ತಲೆ ಕೆಡಿಸ್ಕೊಂಡಿದ್ದ ವಿಷಯದ ಮೂಲಕ್ಕೇ ಹೋಗೋ ಪ್ರಶ್ನೆ, ನೀವು ಅದಕ್ಕೆ ಬ್ರಾಕೆಟ್ ಹಾಕಿ 'ತಮಾಷೆ' ಅಂತ ಲೇಬಲ್ ಅಂಟಿಸಿದ್ದೀರಿ. ಅತ್ತೆ ಸೊಸೆ ವಿಷಯ ನನಗೆ ಬೇಡ, ಆದ್ರೆ ಅವರು ಆಡಿದ ಮಾತನ್ನ ಪುಸ್ತಕದ ಭಾಷೆಗೆ ತಿರುಗಿಸಿದ್ದು ಯಾಕೆ? 'ಒಗೆಯುತ್ತಿದ್ದರೋ' ಅಂತ ಮಂಡ್ಯದಲ್ಲಿ ಯಾರು ಅಂತಾರೆ? ಅವರು ಹೆಂಗಂದ್ರೋ ಹಂಗೇ ಹಾಕಿ.

ನಾಲ್ಕನೇ ವಾಕ್ಯ. 'ಅಲ್ಲಿಂದ ಹೊರಬಂದು ಟೀ ರೂಮಿನತ್ತ ಹೆಜ್ಜೆ ಹಾಕಿದೆವು.' ಅಲ್ಲಿಂದ ಮೂರು ಪ್ಯಾರಾ ಸ್ಕೋನ್ (ಟೀ ಜೊತೆ ತಿನ್ನೋ ಒಂಥರಾ ಬನ್ನು), ಮೊದಲು ಜಾಮ್ ಹಚ್ಚಬೇಕಾ ಕ್ರೀಮ್ ಹಚ್ಚಬೇಕಾ ಅಂತ. ಅದು ಇಂಗ್ಲೆಂಡಿನ ಡೆವನ್‌ನವರಿಗೂ ಕಾರ್ನ್‌ವಾಲ್‌ನವರಿಗೂ ಇರೋ ಜಗಳ, ನೀವಿದ್ದಿದ್ದು ವೇಲ್ಸಲ್ಲಿ. ಡೇರೆಗೆ ಒಂದು ಸಾಲು, ಸ್ಕೋನ್‌ಗೆ ಮೂವತ್ತೊಂದು, ಎಣಿಸಿದೀನಿ.

ತೋಟದ ಭಾಗ, ಕೋಟೆ ಇತಿಹಾಸ, ಕೊನೇ ಪ್ಯಾರಾದ ಸೂರ್ಯಾಸ್ತ, ಇವುಗಳ ಬಗ್ಗೆ ಈಗ ಏನೂ ಹೇಳಲ್ಲ, ಸಮಯ ಇಲ್ಲ. ಯೂ ಬೇಲಿನ 'ಹಸಿರು ಗೋಡೆ' ಅಂದಿದ್ದೀರಿ, ಅದು ಗೋಡೆ ತರ ಇಲ್ಲ, ಮಳೆಗಾಲದ ಮೋಡ ತರ ಉಬ್ಬಿಕೊಂಡಿದೆ, ಅಷ್ಟು ತಿದ್ಕೊಳ್ಳಿ.

ಮತ್ತೆ ಬರೆದು ಕಳಿಸಿ, ಎಂಟುನೂರು ಪದ ಸಾಕು. ಪುನಃ ಹೋಗೋ ಅಗತ್ಯ ಇಲ್ಲ, ನಿಮ್ಮತ್ತೆ ಊರಿಗೆ ವಾಪಸ್ ಹೋಗೋಕೆ ಮುಂಚೆ ಒಂದು ಸಂಜೆ ಕೂತು ಕೇಳಿ, ಅವರ ಕಾಲದಲ್ಲಿ ಚೀಟಿ ಬಟ್ಟೆ ಯಾರು ಉಡ್ತಿದ್ರು, ಎಲ್ಲಿ ತರ್ತಿದ್ರು, ಹೊಳೇಲಿ ಒಗೆದ್ರೆ ಬಣ್ಣ ಬಿಡ್ತಿತ್ತಾ ಅಂತ. ಇನ್ನೊಂದು, ಆ ಡೇರೆ ಮುಂದೆ ಅವರು ಎಷ್ಟು ಹೊತ್ತು ನಿಂತಿದ್ರು? ನೀವು ಟೀ ರೂಮಿಗೆ 'ಹೆಜ್ಜೆ ಹಾಕಿದೆವು' ಅಂತ ಬರೆದಿದ್ದೀರಿ, ಅವರು ನಿಮ್ಮ ಜೊತೆನೇ ಹೊರಟ್ರಾ, ಇಲ್ಲ ನೀವು ಹೋಗಿ ಕರ್ಕೊಂಡು ಬರ್ಬೇಕಾಯ್ತಾ?