ಮುಳುಗುವ ಫಲಕವನ್ನು ಕಂಡವರಾರು?

ಪ್ರಶ್ನೆ: ರಷ್ಯಾದ ಕೋಲಾದಲ್ಲಿ ಕೊರೆದ ಅತಿ ಆಳದ ರಂಧ್ರವೂ ಸುಮಾರು 12 ಕಿಲೋಮೀಟರಿಗೇ ನಿಂತಿದೆ. ಹೀಗಿರುವಾಗ, ಜಪಾನಿನ ಅಡಿಯಲ್ಲಿ ನೂರು ಕಿಲೋಮೀಟರ್ ಆಳದಲ್ಲಿ ಭೂಫಲಕವೊಂದು ಕರಗಿ ಜ್ವಾಲಾಮುಖಿಗಳಿಗೆ ಶಿಲಾರಸ ಒದಗಿಸುತ್ತದೆ ಎಂದು ಹೇಗೆ ಹೇಳುತ್ತಾರೆ?
– ಓದುಗರೊಬ್ಬರು, ಸಾಗರ

ಉತ್ತರ: ಕಣ್ಣಾರೆ ಕಂಡವರು ಯಾರೂ ಇಲ್ಲ, ಭೂಕಂಪದ ಅಲೆಗಳು ಬಂದು ಮುಟ್ಟುವ ಹೊತ್ತನ್ನು ಅಳೆದು ಕಂಡುಕೊಂಡದ್ದು. ಜಪಾನ್ ಸಮುದ್ರದಡಿ ಬಹು ಆಳದಲ್ಲಿ ಭೂಮಿ ಕಂಪಿಸಿದಾಗ, ಹತ್ತಿರದ ಪಶ್ಚಿಮ ಕರಾವಳಿಗಿಂತ ದೂರದ ಪೂರ್ವ ಕರಾವಳಿಯ ಊರುಗಳೇ ಹೆಚ್ಚು ನಡುಗುವುದುಂಟು. ಪೂರ್ವದಿಂದ ಓರೆಯಾಗಿ ಇಳಿದಿರುವ ಪೆಸಿಫಿಕ್ ಫಲಕ ತಣ್ಣಗೆ, ಗಡುಸಾಗಿರುವುದರಿಂದ ಕಂಪನವನ್ನು ಕುಗ್ಗಿಸದೆ ಸಾಗಿಸುತ್ತದೆ. ಅದರ ಮೇಲಿನ ಬಿಸಿಯಾದ, ಮೆತ್ತಗಿನ ಶಿಲೆ ಕಂಪನವನ್ನು ಹೀರಿಕೊಳ್ಳುತ್ತದೆ. ಅಷ್ಟು ಆಳದಲ್ಲೂ ಭೂಕಂಪಗಳಾಗುತ್ತವೆಂದು ಜಪಾನಿನ ಭೂಕಂಪ ವಿಜ್ಞಾನಿ ಕಿಯೋ ವಾದಾತಿ 1928ರಲ್ಲೇ ತೋರಿಸಿಕೊಟ್ಟಿದ್ದರು.

ಈಗಿನ ಚಿತ್ರಣ ಸಿ.ಟಿ. ಸ್ಕ್ಯಾನಿನ ಸಹೋದರ. ಸೆಕೆಂಡಿಗೆ 8 ಕಿಲೋಮೀಟರ್ ವೇಗದ ಪ್ರಾಥಮಿಕ ಅಲೆಗೆ (ಭೂಕಂಪದಿಂದ ಮೊದಲು ಬಂದು ಮುಟ್ಟುವ ಅಲೆ) 400 ಕಿಲೋಮೀಟರ್ ದಾರಿ ಸವೆಸಲು 50 ಸೆಕೆಂಡು ಬೇಕು. ದಾರಿಯುದ್ದಕ್ಕೂ ತಣ್ಣನೆಯ ಫಲಕವಿದ್ದು ವೇಗ ಶೇಕಡಾ 2ರಷ್ಟು ಹೆಚ್ಚಿದರೆ, ಅಲೆ ಒಂದು ಸೆಕೆಂಡು ಮುಂಚಿತವಾಗಿ ಬರುತ್ತದೆ. ಸಾವಿರಾರು ಭೂಕಂಪಗಳಿಂದ ನೂರಾರು ಭೂಕಂಪ ಮಾಪಕಗಳಿಗೆ ಬಂದ ಅಲೆಗಳ ಇಂಥ ಮುಂಚು-ತಡಗಳನ್ನು ಕೂಡಿಸಿ ನೋಡಿದಾಗ, ವೇಗ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂಬ ನಕ್ಷೆ ಮೂಡುತ್ತದೆ. ಈಶಾನ್ಯ ಜಪಾನಿನ ನಕ್ಷೆಯಲ್ಲಿ ಓರೆಯಾದ ವೇಗದ ಪಟ್ಟಿಯೂ, ಅದರ ಮೇಲ್ಗಡೆ ಜ್ವಾಲಾಮುಖಿಗಳ ಸಾಲಿನತ್ತ ಏರಿಬರುವ ನಿಧಾನದ ಪಟ್ಟಿಯೂ ಕಾಣುತ್ತವೆ.

ಆದರೆ ಪ್ರಶ್ನೆಯ ಒಂದು ಮಾತನ್ನು ತಿದ್ದಬೇಕು: ಅಲ್ಲಿ ಕರಗುವುದು ಮುಖ್ಯವಾಗಿ ಫಲಕವಲ್ಲ. ಹತ್ತು ಕೋಟಿ ವರ್ಷಕ್ಕೂ ಹಳೆಯದಾಗಿ ತಣಿದಿರುವ ಆ ಫಲಕ ಅಷ್ಟು ಬೇಗ ಕಾಯುವುದಿಲ್ಲ. ಒತ್ತಡ ಮತ್ತು ಶಾಖ ಏರಿದಂತೆ ಅದರ ಖನಿಜಗಳು ಹಿಡಿದಿಟ್ಟುಕೊಂಡಿದ್ದ ನೀರನ್ನು ಬಿಟ್ಟುಕೊಡುತ್ತವೆ; ಆ ನೀರು ಮೇಲಿನ ಬಿಸಿ ಮ್ಯಾಂಟಲ್ಲಿಗೆ (ಭೂಮಿಯ ಹೊರಚಿಪ್ಪಿನ ಕೆಳಗಿನ ಶಿಲಾಪದರಕ್ಕೆ) ಸೇರಿ ಅದರ ಕರಗುವ ಉಷ್ಣತೆಯನ್ನು ಹಲವು ನೂರು ಡಿಗ್ರಿ ತಗ್ಗಿಸುತ್ತದೆ. ಹಾಗೆ ಕರಗುವುದು ಮ್ಯಾಂಟಲ್ಲಿನ ಸ್ವಲ್ಪ ಪಾಲು ಮಾತ್ರ. ನಕ್ಷೆಯಲ್ಲಿ ನಿಧಾನದ ಭಾಗಕ್ಕೆ ಕೆಂಪು ಬಳಿಯುವುದು ರೂಢಿಯಾದ್ದರಿಂದ ಅದು ಕುದಿಯುವ ಕೆರೆಯಂತೆ ತೋರುತ್ತದೆ (ಹಾಗೆಂದು ಮುದ್ರಿಸುವ ಪತ್ರಿಕೆಗಳ ಪಾಲೂ ಇದರಲ್ಲಿದೆ). ಅಲೆಗಳು ನಿಧಾನವಾಗಲು ಶಾಖ, ನೀರು, ಶಿಲಾರಸ ಯಾವುದೂ ಕಾರಣವಾಗಿರಬಹುದು. ದ್ರವದಲ್ಲಿ ಹಾಯಲಾರದ ಎರಡನೆಯ ಬಗೆಯ ಅಲೆಗಳ ವೇಗ ಎಷ್ಟು ತಗ್ಗಿದೆ ಎಂಬುದನ್ನು ಪ್ರಾಥಮಿಕ ಅಲೆಗಳದರೊಂದಿಗೆ ಹೋಲಿಸಿಯೇ ಇವನ್ನು ಬೇರ್ಪಡಿಸಲು ಯತ್ನಿಸುತ್ತಾರೆ.

ಮಾಪಕಗಳಿಲ್ಲದ ಕಡೆ ನಕ್ಷೆ ಮಸುಕು. ಅಂಡಮಾನಿನ ಬ್ಯಾರನ್ ದ್ವೀಪದ ಜ್ವಾಲಾಮುಖಿಯೂ ಮುಳುಗುವ ಫಲಕದ ಮೇಲೆಯೇ ನಿಂತಿದೆ. ಆದರೆ ಸುತ್ತಲೂ ಸಮುದ್ರ, ಮಾಪಕ ಊರಲು ನೆಲವೇ ಕಡಿಮೆ. ಕಡಲತಳದಲ್ಲೂ ಮಾಪಕ ಊರಬಹುದು: ಜಪಾನ್ ತನ್ನ ಪೂರ್ವದ ಕಡಲತಳದಲ್ಲಿ, 2011ರ ಭೂಕಂಪದ ನಂತರ, ಕೇಬಲ್ಲಿಗೆ ಪೋಣಿಸಿದ 150 ವೀಕ್ಷಣಾ ಕೇಂದ್ರಗಳನ್ನು ಇಳಿಸಿದೆ.