ಒಂದೇ ಕೂಗು, ಎರಡು ಜೋಡಿ ಕಿವಿ

ಪ್ರಶ್ನೆ: ಕಪ್ಪೆಯೂ ಬಾವಲಿಯೂ ರಾತ್ರಿ ಎಚ್ಚರವಿರುವ ಜೀವಿಗಳು. ಇವೆರಡನ್ನು ಹೋಲಿಸುವುದರಲ್ಲಿ ಅರ್ಥವಿದೆಯೇ? ಹೋಲಿಸಿದರೆ ಯಾವುದು ಹೆಚ್ಚು ಚುರುಕು?

ಉತ್ತರ: ಕಪ್ಪೆ ಉಭಯವಾಸಿ, ಬಾವಲಿ ಸಸ್ತನಿ ಎಂಬ ಪಟ್ಟಿ ಪಠ್ಯಪುಸ್ತಕದಲ್ಲೇ ಸಿಗುತ್ತದೆ. ಜೀವಶಾಸ್ತ್ರ ಪಾಠ ಮಾಡುವಾಗ ನಾನು ಅದರ ಬದಲು ಪನಾಮಾದ ಎರಡು ಜೀವಿಗಳ ಕಥೆ ಹೇಳುತ್ತಿದ್ದೆ. ನಿಮಗೂ ಅದನ್ನೇ ಹೇಳುತ್ತೇನೆ.

ಟುಂಗಾರ ಕಪ್ಪೆಯ ಉದ್ದ ಸುಮಾರು 3 ಸೆಂಟಿಮೀಟರ್. ಮಳೆನೀರು ನಿಂತ ಗುಂಡಿಯಲ್ಲಿ ತೇಲುತ್ತಾ ಗಂಡು ಕೂಗುತ್ತದೆ. ಧ್ವನಿಮುದ್ರಣವನ್ನು ಕಣ್ಣು ಮುಚ್ಚಿ ಕೇಳಿದ್ದೇನೆ: ಮೇಲಿನಿಂದ ಕೆಳಕ್ಕೆ ಜಾರುವ ‘ಯೂಂ’, ಅದರ ಬಾಲಕ್ಕೆ ಅಂಟಿಕೊಂಡಂತೆ ‘ಚಕ್’. ಒಂಟಿಯಾಗಿದ್ದರೆ ಸಾಮಾನ್ಯವಾಗಿ ಬರೀ ‘ಯೂಂ’. ಪಕ್ಕದಲ್ಲಿ ಬೇರೆ ಗಂಡುಗಳು ಕೂಗತೊಡಗಿದರೆ ‘ಚಕ್’ಗಳು ಸೇರಿಕೊಳ್ಳುತ್ತವೆ. ಹೆಣ್ಣಿಗೆ ಇಷ್ಟವಾಗುವುದು ‘ಚಕ್’ ಇರುವ ಕೂಗೇ.

ಬಾವಲಿಗೂ ಅದೇ ಇಷ್ಟ! ಟ್ರಾಕೋಪ್ಸ್ ಎಂಬ ಈ ಬಾವಲಿಯ ತುಟಿ, ಗಲ್ಲದ ತುಂಬ ಸಣ್ಣ ಗಂಟುಗಳು. ಬಹುತೇಕ ಬಾವಲಿಗಳ ಕಿವಿ ನಮಗೆ ಕೇಳಿಸದ ಕೀರಲು ಸದ್ದಿಗೆ ಹೊಂದಿಕೊಂಡಿರುತ್ತದೆ. ಇದಕ್ಕೆ ಕಪ್ಪೆಯ ತಗ್ಗು ಸ್ವರವೂ ಚೆನ್ನಾಗಿ ಕೇಳಿಸುತ್ತದೆ. ಕೂಗಿನ ಜಾಡು ಹಿಡಿದೇ ಅದು ಕಪ್ಪೆಯನ್ನು ಬೇಟೆಯಾಡುತ್ತದೆ ಎಂಬುದನ್ನು ಮೆರ್ಲಿನ್ ಟಟಲ್ ಮತ್ತು ಮೈಕೆಲ್ ರಯಾನ್ 1981ರಲ್ಲಿ ಪ್ರಕಟಿಸಿದರು. ನಿಮ್ಮ ಹೋಲಿಕೆಗೆ ಅರ್ಥ ಬರುವುದು ಇಲ್ಲಿ. ಹೆಣ್ಣು ಕಪ್ಪೆಯ ಕಿವಿ, ಬಾವಲಿಯ ಕಿವಿ ಎರಡೂ ಒಂದೇ ಕೂಗಿಗಾಗಿ ಕಾಯುತ್ತಿರುತ್ತವೆ. ಗಂಡು ಕಪ್ಪೆ ಸಂಗಾತಿಯನ್ನು ಕರೆದ ಉಸಿರಿನಲ್ಲೇ ಸಾವನ್ನೂ ಕರೆಯುತ್ತದೆ.

ತಲೆಯ ಮೇಲೆ ಬಾವಲಿ ಹಾದದ್ದು ಕಂಡೊಡನೆ ಕಪ್ಪೆ ಗಪ್ಪನೆ ಸುಮ್ಮನಾಗುತ್ತದೆ. ಆದರೆ ಧ್ವನಿಚೀಲ ಉಬ್ಬಿ ತಗ್ಗಿದಾಗ ಎದ್ದ ಕಿರುಅಲೆಗಳು ಕೂಗಿನೊಂದಿಗೇ ನಿಲ್ಲುವುದಿಲ್ಲವಲ್ಲ! ಕೆಲವು ಕ್ಷಣ ನೀರಿನ ಮೇಲೆ ಬಳೆಬಳೆಯಾಗಿ ಹರಡುತ್ತಲೇ ಇರುತ್ತವೆ. ಬಾವಲಿ ತನ್ನ ಸದ್ದಿನ ಪ್ರತಿಧ್ವನಿಯಿಂದ ಅವನ್ನು ಗುರುತಿಸಿ ಎರಗುತ್ತದೆ. ತರಗೆಲೆ ತುಂಬಿದ ಗುಂಡಿಯಲ್ಲಿ ಮಾತ್ರ ಅದಕ್ಕೆ ಈ ಸುಳಿವು ದಕ್ಕುವುದಿಲ್ಲ. ಪ್ರತಿ ಬಾರಿ ಇದನ್ನು ಹೇಳುವಾಗಲೂ ನನಗೆ ಆ ಕಪ್ಪೆಯ ಬಗ್ಗೆ ಕರುಳು ಚುರುಕ್ ಎನ್ನುತ್ತದೆ.

ಚುರುಕಿನ ಮಾತಿಗೆ ಬಂದರೆ ನಾನು ಬಾವಲಿಯ ಪರ. ಯಾವ ಕೂಗಿನ ಹಿಂದೆ ಊಟವಿದೆ ಎಂಬುದನ್ನು ಅದು ಜೊತೆಯ ಬಾವಲಿಯಿಂದ ಕಲಿಯಬಲ್ಲದು, ಕಲಿತದ್ದನ್ನು ನೆನಪಿಡಬಲ್ಲದು. ಪನಾಮಾದಲ್ಲಿ ಕೆಲವು ಬಾವಲಿಗಳಿಗೆ ಮೊಬೈಲ್ ರಿಂಗ್‌ಟೋನ್ ಕೇಳಿದರೆ ಆಹಾರ ಸಿಗುತ್ತದೆ ಎಂದು ಕಲಿಸಿ, ಕಾಡಿಗೆ ಬಿಟ್ಟರು. ಒಂದರಿಂದ ನಾಲ್ಕು ವರ್ಷಗಳ ನಂತರ ಅವುಗಳಲ್ಲಿ ಎಂಟನ್ನು ಮತ್ತೆ ಹಿಡಿದು ಅದೇ ರಿಂಗ್‌ಟೋನ್ ಕೇಳಿಸಿದಾಗ, ಅವು ಸ್ಪೀಕರಿನತ್ತ ಹಾರಿಬಂದವು.